ಎರಡಿದ್ದರೂ ಕೈಕೊಡುವ ಪವರ್ ಸಪ್ಲೈ

ಬ್ಯಾಂಕಿನ ಸಾಲಿನಲ್ಲಿ ಅರ್ಧ ಗಂಟೆ ನಿಂತು, ಸರದಿ ಬಂದಾಗ ‘ಸರ್ವರ್ ಡೌನ್ ಆಗಿದೆ, ನಾಳೆ ಬನ್ನಿ’ ಎಂಬ ಮಾತು ಕೇಳಿ ಬರಿಗೈಯಲ್ಲಿ ಹಿಂದಿರುಗಿದ ಅನುಭವ ನಿಮಗೂ ಆಗಿರಬಹುದು. ಸರ್ವರ್ ನಿಲ್ಲಲು ಕಾರಣಗಳು ಹತ್ತಾರು. ಅವುಗಳಲ್ಲೊಂದು, ಕೆಲವೇ ರೂಪಾಯಿ ಬೆಲೆಯ, ಬೆರಳ ತುದಿಯಷ್ಟು ಗಾತ್ರದ ಒಂದು ಬಿಡಿಭಾಗ. ಅದರ ಹೆಸರು ಎಲೆಕ್ಟ್ರೊಲಿಟಿಕ್ ಕೆಪಾಸಿಟರ್.

ಅಷ್ಟು ಮುಖ್ಯವಾದ ಯಂತ್ರಕ್ಕೆ ಬದಲಿ ವ್ಯವಸ್ಥೆ ಇರುವುದಿಲ್ಲವೇ ಎಂದು ನೀವು ಕೇಳಬಹುದು. ಇರುತ್ತದೆ. ದೊಡ್ಡ ಸರ್ವರುಗಳಲ್ಲಿ ಸಾಮಾನ್ಯವಾಗಿ ಎರಡು ಪವರ್ ಸಪ್ಲೈ ಪೆಟ್ಟಿಗೆಗಳಿರುತ್ತವೆ. ಎರಡೂ ಹೊರೆಯನ್ನು ಹಂಚಿಕೊಳ್ಳುತ್ತವೆ. ಒಂದು ಕೆಟ್ಟರೆ ಇನ್ನೊಂದು ಪೂರ್ತಿ ಹೊರೆಯನ್ನು ಹೊರುತ್ತದೆ. ಸರ್ವರನ್ನು ನಿಲ್ಲಿಸದೆಯೇ ಕೆಟ್ಟದ್ದನ್ನು ಎಳೆದು ಹೊಸದನ್ನು ಕೂರಿಸಬಹುದು. ಇಷ್ಟಾದರೂ ಎರಡೂ ಒಂದರ ಹಿಂದೊಂದು ಕೈಕೊಡುವುದುಂಟು. ಅದು ಹೇಗೆ?

ಮನೆಯ ಮೇಲಿನ ತೊಟ್ಟಿ

ನಮ್ಮ ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ತುಯ್ಯುವ ಎ.ಸಿ. ಅದನ್ನು ಒಂದೇ ದಿಕ್ಕಿಗೆ ತಿರುಗಿಸಿದಾಗ ಸೆಕೆಂಡಿಗೆ 100 ಸಲ ಏರಿಳಿಯುವ ಅಲೆಯಾಗುತ್ತದೆ. ಸರ್ವರಿಗೆ ಬೇಕಾದದ್ದು ಏರಿಳಿತವಿಲ್ಲದ 12 ವೋಲ್ಟ್. ನಲ್ಲಿಯಲ್ಲಿ ನೀರು ಬಿಟ್ಟು ಬಿಟ್ಟು ಬಂದರೂ ಮನೆಯ ಮೇಲಿನ ತೊಟ್ಟಿ ಒಂದೇ ಸಮನೆ ನೀರು ಕೊಡುವುದಿಲ್ಲವೇ? ಕೆಪಾಸಿಟರ್ ಅಂಥದೊಂದು ತೊಟ್ಟಿ.

ಅದರೊಳಗೆ ಎರಡು ತೆಳು ಅಲ್ಯುಮಿನಿಯಂ ಹಾಳೆಗಳ ನಡುವೆ ಕಾಗದವಿಟ್ಟು ಪತ್ರೊಡೆಯಂತೆ ಸುತ್ತಿರುತ್ತಾರೆ. ಕಾಗದವನ್ನು ಎಲೆಕ್ಟ್ರೊಲೈಟ್ ಎಂಬ ದ್ರವದಲ್ಲಿ ನೆನೆಸಿರುತ್ತಾರೆ. ಈ ಹಸಿ ಇರುವವರೆಗೆ ಮಾತ್ರ ಅದಕ್ಕೆ ಜೀವ. ಕಾವಿಗೆ ದ್ರವವು ರಬ್ಬರ್ ಬಿರಡೆಯ ಮೂಲಕ ನಿಧಾನವಾಗಿ ಆವಿಯಾಗುತ್ತದೆ. ದ್ರವ ಕಡಿಮೆಯಾದಷ್ಟೂ ಒಳಗಿನ ರೋಧ ಹೆಚ್ಚುತ್ತದೆ. ರೋಧ ಹೆಚ್ಚಿದಷ್ಟೂ ಕಾವು ಹೆಚ್ಚುತ್ತದೆ. ಕಾವು ಹೆಚ್ಚಿದಷ್ಟೂ ದ್ರವ ಬೇಗ ಆರುತ್ತದೆ.

ಕಾವು 10 ಡಿಗ್ರಿ ಸೆಲ್ಸಿಯಸ್ ಇಳಿದರೆ ಕೆಪಾಸಿಟರಿನ ಆಯುಸ್ಸು ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಎಂಜಿನಿಯರುಗಳು ಬಳಸುವ ಸರಳ ಸೂತ್ರ. 105 ಡಿಗ್ರಿಯಲ್ಲಿ 2,000 ಗಂಟೆ ಬಾಳುವ ಕೆಪಾಸಿಟರ್ 65 ಡಿಗ್ರಿಯಲ್ಲಿ ಅದರ 16 ಪಟ್ಟು, ಅಂದರೆ 32,000 ಗಂಟೆ ಬಾಳುತ್ತದೆ. ದೊಡ್ಡ ಸಂಖ್ಯೆಯೆನಿಸಿತೇ? ವರ್ಷಕ್ಕೆ 8,760 ಗಂಟೆ. ಹಗಲಿರುಳೂ ದುಡಿಯುವ ಸರ್ವರಿನಲ್ಲಿ ಅದು ನಾಲ್ಕು ವರ್ಷವೂ ಆಗದು. ಅದೇ ಜಾಗದಲ್ಲಿ 5,000 ಗಂಟೆಯ ಕೆಪಾಸಿಟರ್ ಹಾಕಿದ್ದರೆ ಒಂಬತ್ತು ವರ್ಷ ಬಾಳೀತು. ಬೆಲೆಯ ವ್ಯತ್ಯಾಸ ಕೆಲವೇ ರೂಪಾಯಿ.

ದುಬಾರಿಯಾದ ಪಾಠ

ಗುಣಮಟ್ಟ ತಪ್ಪಿದರೆ ಏನಾಗುತ್ತದೆಂಬುದನ್ನು ಈ ಶತಮಾನದ ಆರಂಭದಲ್ಲಿ ಜಗತ್ತು ಕಂಡಿತು. ತೈವಾನಿನ ಕೆಲವು ತಯಾರಕರ ಕೆಪಾಸಿಟರುಗಳು 2002ರ ಸುಮಾರಿಗೆ ಕಂಪ್ಯೂಟರುಗಳೊಳಗೆ ಉಬ್ಬಿ ಒಡೆಯತೊಡಗಿದವು. ಅವುಗಳ ಎಲೆಕ್ಟ್ರೊಲೈಟಿನಲ್ಲಿ ನೀರಿನಂಶ ಇತ್ತು. ಆ ನೀರು ಅಲ್ಯುಮಿನಿಯಂ ಜೊತೆ ವರ್ತಿಸದಂತೆ ತಡೆಯುವ ರಾಸಾಯನಿಕ ಸರಿಯಾಗಿರಲಿಲ್ಲ. ಅಲ್ಲಿ ಹುಟ್ಟಿದ ಹೈಡ್ರೊಜನ್ ಅನಿಲವೇ ಡಬ್ಬಿಯನ್ನು ಉಬ್ಬಿಸಿತು.

ಅಮೆರಿಕದ ಡೆಲ್ ಕಂಪನಿ 2003ರಿಂದ 2005ರವರೆಗೆ ಮಾರಿದ ಆಪ್ಟಿಪ್ಲೆಕ್ಸ್ ಕಂಪ್ಯೂಟರುಗಳಲ್ಲೂ ಕೆಪಾಸಿಟರುಗಳು ಕೆಟ್ಟವು. ದುರಸ್ತಿಗಾಗಿ ಅದು 2005ರಲ್ಲಿ ಸುಮಾರು 30 ಕೋಟಿ ಡಾಲರ್ ತೆಗೆದಿಡಬೇಕಾಯಿತು. ಆ ಬಿಡಿಭಾಗಗಳು ಬಂದದ್ದು ಜಪಾನಿನ ಹೆಸರಾಂತ ಕಂಪನಿಯೊಂದರಿಂದ! ಹೆಸರೊಂದನ್ನೇ ನೆಚ್ಚಿ ಕೂರುವಂತಿಲ್ಲ.

ಬಳಲಿದ ಜೋಡಿ ಎತ್ತು

ಮತ್ತೆ ನಮ್ಮ ಸರ್ವರಿಗೆ ಬರೋಣ. ಒಂದು ಪೆಟ್ಟಿಗೆ ಕೆಡುವ ಸಂಭವ ನೂರಕ್ಕೆ ಒಂದು ಎಂದುಕೊಳ್ಳಿ. ಆಗ ಎರಡೂ ಕೆಡುವ ಸಂಭವ ಹತ್ತು ಸಾವಿರಕ್ಕೆ ಒಂದು. ಆದರೆ ಈ ಗುಣಾಕಾರ ಸರಿಯಾಗುವುದು ಒಂದರ ಅಳಿವಿಗೂ ಇನ್ನೊಂದರ ಅಳಿವಿಗೂ ಸಂಬಂಧವಿಲ್ಲದಿದ್ದಾಗ ಮಾತ್ರ. ಇವಾದರೋ ಒಂದೇ ಕಾರ್ಖಾನೆಯಲ್ಲಿ, ಒಂದೇ ಕಂತಿನ ಕೆಪಾಸಿಟರುಗಳಿಂದ ತಯಾರಾಗಿ, ಒಂದೇ ದಿನ ಬಂದು, ಒಂದೇ ಬಿಸಿಗಾಳಿಯಲ್ಲಿ ದುಡಿದ ಅವಳಿಗಳು. ಜೋಡಿ ಎತ್ತುಗಳಲ್ಲಿ ಒಂದು ಮಲಗಿದರೆ, ಅಷ್ಟೇ ಬಳಲಿದ ಇನ್ನೊಂದರ ಹೆಗಲಿಗೆ ಇಡೀ ಬಂಡಿಯ ಭಾರ ಬೀಳುತ್ತದೆ.

ಭೌತಶಾಸ್ತ್ರವೂ ಇಲ್ಲಿ ಕನಿಕರ ತೋರದು. ರೋಧದಲ್ಲಿ ಹುಟ್ಟುವ ಕಾವು ಪ್ರವಾಹದ ವರ್ಗಕ್ಕೆ ಅನುಗುಣವಾಗಿರುತ್ತದೆ. ಪ್ರವಾಹ ಎರಡರಷ್ಟಾದರೆ ಕಾವು ನಾಲ್ಕರಷ್ಟು. ಅರ್ಧ ಹೊರೆಯಲ್ಲಿ ಹೇಗೋ ದಿನ ದೂಡುತ್ತಿದ್ದ, ಹಸಿರು ದೀಪವನ್ನೂ ಉರಿಸುತ್ತಿದ್ದ ಪೆಟ್ಟಿಗೆ, ಪೂರ್ತಿ ಹೊರೆ ಬಿದ್ದೊಡನೆ ಕುಸಿಯಬಹುದು.

ಪರಿಹಾರ ಕಷ್ಟದ್ದೇನಲ್ಲ. ಸರ್ವರ್ ಕೊಠಡಿಯನ್ನು ತಂಪಾಗಿಡಬೇಕು. ಫ್ಯಾನುಗಳ ಧೂಳು ತೆಗೆಯಬೇಕು. ಎರಡು ಪೆಟ್ಟಿಗೆಗಳಲ್ಲಿ ಒಂದನ್ನು ಕೆಡುವ ಮೊದಲೇ ಬದಲಿಸಿದರೆ ಅವುಗಳ ವಯಸ್ಸು ಬೇರೆ ಬೇರೆಯಾಗುತ್ತದೆ. ಮಾಹಿತಿಯ ಪ್ರತಿ ತೆಗೆದಿಟ್ಟುಕೊಂಡು, ಜನರಿಗೆ ತೊಂದರೆಯಾಗದ ಹೊತ್ತಿನಲ್ಲಿ, ಒಂದನ್ನು ಬೇಕೆಂದೇ ನಿಲ್ಲಿಸಿ ಇನ್ನೊಂದು ತಡೆಯುತ್ತದೆಯೇ ಎಂದು ನೋಡಬೇಕು. ಕೊಳ್ಳುವವರು ವಾಟ್ ಎಷ್ಟು ಎಂದು ಕೇಳುವುದರ ಜೊತೆಗೆ ಕೆಪಾಸಿಟರಿನ ಆಯುಸ್ಸನ್ನೂ ಕೇಳಬೇಕು.

ಒಂದು ಎಚ್ಚರಿಕೆ. ಕುತೂಹಲಕ್ಕೆಂದು ಪೆಟ್ಟಿಗೆಯನ್ನು ಬಿಚ್ಚಲು ಹೋಗಬೇಡಿ. ತಂತಿ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 400 ವೋಲ್ಟ್‌ವರೆಗೆ ವಿದ್ಯುತ್ತು ಉಳಿದಿರಬಹುದು. ಅದು ಪ್ರಾಣಾಂತಿಕ.

ಇದೇ ಬಗೆಯ ಸರ್ವರುಗಳನ್ನು ಆಸ್ಪತ್ರೆ, ರೈಲ್ವೆ ಟಿಕೆಟು, ಪಿಂಚಣಿ ಎಲ್ಲವೂ ನಂಬಿಕೊಂಡಿವೆ. ಎರಡನೆಯದೊಂದು ಇದೆಯಲ್ಲ ಎಂದು ನಿಶ್ಚಿಂತರಾಗುವ ಮೊದಲು, ಆ ಎರಡನೆಯದರ ಹೆಗಲಲ್ಲಿ ಇನ್ನೂ ಎಷ್ಟು ಶಕ್ತಿ ಉಳಿದಿದೆ ಎಂದು ನೋಡುವುದು ಒಳ್ಳೆಯದು.