ನಲವತ್ತರಲ್ಲಿ ಲಾರಿ ಕಲಿಯೋದು

ಮಳೆ ಇಲ್ಲ, ಬೆಳೆ ಇಲ್ಲ. ವಯಸ್ಸು ನಲವತ್ತು ದಾಟಿತು. ಈಗ ಲಾರಿ ಕಲಿಯಬಹುದಾ? ಕಲಿಯಬಹುದು.

ಲಾರಿ ಲೈಸೆನ್ಸಿಗೆ ಎಂಟನೇ ತರಗತಿ ಓದಿರಬೇಕು ಎಂಬ ನಿಯಮ ಇತ್ತು. 2019ರಲ್ಲಿ ಅದನ್ನು ತೆಗೆದರು. ಹಾಗಂತ ಓದು ಬೇಡ ಅಂತಲ್ಲ. ದಾರಿ ಫಲಕ ಓದಬೇಕು. ಸಹಿ ಹಾಕುವ ಕಾಗದ ಓದಬೇಕು.

ಮೊದಲು ಕಾರಿನಂಥ ಸಣ್ಣ ಗಾಡಿಯ ಲೈಸೆನ್ಸ್ ಮಾಡಿಸಿ. ಅದಕ್ಕೆ ಒಂದು ವರ್ಷ ತುಂಬಬೇಕು. ಆಮೇಲೆ ಲಾರಿಗೆ ಎಲ್.ಎಲ್.ಆರ್. ಸಿಗುತ್ತದೆ. ಡ್ರೈವಿಂಗ್ ಶಾಲೆಯ ಸರ್ಟಿಫಿಕೇಟ್ ಬೇಕು. ಡಾಕ್ಟರ ಸರ್ಟಿಫಿಕೇಟೂ ಬೇಕು. ಈ ವಯಸ್ಸಿಗೆ ಕಣ್ಣು ಮಂಜಾಗೋದುಂಟು. ಕನ್ನಡಕ ಹಾಕಿಕೊಳ್ಳಿ, ನಾಚಿಕೆ ಯಾಕೆ?

ಕೈಗೆ ಲೈಸೆನ್ಸ್ ಬಂದ ಕೂಡಲೇ ದೂರದ ಲೈನ್ ಸಿಗೋದು ಕಷ್ಟ. ಅನುಭವ ಇರೋ ಡ್ರೈವರ್ ಜೊತೆ ಕೆಲವು ಟ್ರಿಪ್ ಹೋಗಿ. ಅವನು ಇಪ್ಪತ್ತೈದರ ಹುಡುಗ ಇರಬಹುದು. ಇದ್ದರೇನು? ಕೇಳಿ ಕಲೀರಿ.

ಮುಖ್ಯವಾಗಿ ಕಲಿಯಬೇಕಾದ್ದು ಘಾಟಿ ಇಳಿಯೋದು. ಸಕಲೇಶಪುರದಿಂದ ಮಂಗಳೂರಿಗೆ ಹೋಗುವಾಗ ಶಿರಾಡಿ ಘಾಟಿ ಬರುತ್ತದೆ. ಲಾರಿ ತುಂಬ ಲೋಡು. ಕೆಲವರು ಡೀಸೆಲ್ ಉಳಿಸೋಕೆ ನ್ಯೂಟ್ರಲ್ ಮಾಡಿ ಬಿಡುತ್ತಾರೆ. ಆಗ ಎಲ್ಲಾ ಭಾರ ಬ್ರೇಕ್ ಮೇಲೆ ಬೀಳುತ್ತದೆ. ತುಳಿದೂ ತುಳಿದೂ ಬ್ರೇಕ್ ಕಾಯುತ್ತದೆ. ಕಾದ ಬ್ರೇಕ್ ಸರಿಯಾಗಿ ಹಿಡಿಯೋದಿಲ್ಲ. ಅದಕ್ಕೇ ಇಳಿಜಾರು ಶುರುವಾಗುವ ಮೊದಲೇ ಸಣ್ಣ ಗೇರ್ ಹಾಕಬೇಕು. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ, ಅನ್ನುತ್ತಾರೆ ಹಳಬರು. ಆಗ ಎಂಜಿನ್ನೇ ಗಾಡಿಯನ್ನು ತಡೆದು ಹಿಡಿಯುತ್ತದೆ.

ಇನ್ನು ನಿದ್ದೆ. ಟೀ, ಬೀಡಿಯಿಂದ ಅದು ಹೋಗೋದಿಲ್ಲ. ರೆಪ್ಪೆ ಭಾರವಾದರೆ ಢಾಬಾ ಹತ್ತಿರ ಗಾಡಿ ನಿಲ್ಲಿಸಿ ಮಲಗಿ. ಲೋಡು ತಡವಾಯಿತು ಅಂತ ಓನರ್ ಬೈದರೆ ಬೈಯಲಿ.