ಸವೆಯದ ಹಳಿಯ ಅಪಾಯ

ರೈಲು ಹಳಿ ಸವೆಯದೆ ಉಳಿದಷ್ಟೂ ಒಳ್ಳೆಯದು ಎಂಬುದು ಸಾಮಾನ್ಯ ನಂಬಿಕೆ. ಎಂಜಿನಿಯರುಗಳ ಲೆಕ್ಕವೇ ಬೇರೆ. ಹಳಿ ತಕ್ಕಮಟ್ಟಿಗೆ ಸವೆಯಬೇಕು. ತಾನಾಗಿ ಸವೆಯದಿದ್ದರೆ ಸವೆಸಬೇಕು. ಈ ಮಾತಿನ ಬೆಲೆ ಬ್ರಿಟನ್ನಿಗೆ ಪೂರ್ತಿ ಅರಿವಾದದ್ದು ನಾಲ್ಕು ಜೀವಗಳು ಹೋದ ಮೇಲೆ.

2000ದ ಅಕ್ಟೋಬರ್ 17ರಂದು ಲಂಡನ್ನಿನಿಂದ ಲೀಡ್ಸ್‌ಗೆ ಹೊರಟಿದ್ದ ರೈಲು ಹ್ಯಾಟ್‌ಫೀಲ್ಡ್ ಬಳಿಯ ತಿರುವಿನಲ್ಲಿ ಹಳಿ ತಪ್ಪಿತು. ಆಗ ಅದರ ವೇಗ ಗಂಟೆಗೆ ಸುಮಾರು 185 ಕಿ.ಮೀ. ನಾಲ್ವರು ಸತ್ತರು, 70ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ತಿರುವಿನ ಹೊರಹಳಿ 300ಕ್ಕೂ ಹೆಚ್ಚು ಚೂರುಗಳಾಗಿ ಬಿದ್ದಿತ್ತು.

ಉಕ್ಕು ಹೀಗೆ ಪುಡಿಯಾಗುವುದು ಹೇಗೆ? ತಿರುವಿನಲ್ಲಿ ಗಾಡಿ ನೇರವಾಗಿಯೇ ಹೋಗಲು ನೋಡುತ್ತದೆ. ಹೊರಬದಿಯ ಗಾಲಿ ಹೊರಹಳಿಯ ಒಳಅಂಚನ್ನು ಒತ್ತಿಕೊಂಡು ಉರುಳುತ್ತದೆ. ಗಾಲಿ, ಹಳಿ ಒಂದನ್ನೊಂದು ಮುಟ್ಟುವ ಜಾಗ ಸಣ್ಣ ನಾಣ್ಯದಷ್ಟು. ಟನ್ನುಗಟ್ಟಲೆ ಭಾರ ಬೀಳುವುದು ಅಲ್ಲಿಯೇ. ಉರುಳುವುದರ ಜೊತೆಗೆ ಗಾಲಿ ಕೊಂಚ ಜಾರುತ್ತದೆ ಕೂಡ. ಸಾವಿರಾರು ಗಾಲಿಗಳು ಹಾದುಹೋದ ಮೇಲೆ ಹಳಿಯ ಮೇಲ್ಪದರ ದಣಿದು ಕೂದಲೆಳೆಯಂಥ ಬಿರುಕುಗಳು ಮೂಡುತ್ತವೆ. ಹೆಚ್ಚಿನವು ಮೇಲ್ಮೈಯ ಬಳಿಯಲ್ಲೇ ಓರೆಯಾಗಿ ಸಾಗುತ್ತವೆ. ಯಾವುದಾದರೊಂದು ಕೆಳಮುಖವಾಗಿ ತಿರುಗಿದರೆ ಹಳಿ ಮುರಿಯುವ ದಿನ ಹತ್ತಿರ ಬಂತೆಂದೇ ಅರ್ಥ.

ಮೆದು ಉಕ್ಕಿನ ಹಳಿ ಬೇಗ ಸವೆಯುತ್ತದೆ. ಆ ಸವೆತವೇ ಎಳೆಯ ಬಿರುಕುಗಳನ್ನೂ ಅಳಿಸಿಬಿಡುತ್ತದೆ. ಗಡಸು ಹಳಿ ಹೆಚ್ಚು ಕಾಲ ಬಾಳುತ್ತದೆ, ಆದರೆ ಅದರಲ್ಲಿ ಹುಟ್ಟಿದ ಬಿರುಕು ಹಾಗೆಯೇ ಉಳಿದು ಬೆಳೆಯುತ್ತದೆ. ಹಳಿಗೆ ಸಾಣೆ ಹಿಡಿಯುವುದು ಇದಕ್ಕಾಗಿಯೇ.

ಸಾಣೆಯ ರೈಲಿನ ಕೆಳಗೆ ಗಿರ್ರನೆ ತಿರುಗುವ ಕಲ್ಲುಗಳ ಸಾಲು ಇರುತ್ತದೆ. ಒಂದೊಂದು ಕಲ್ಲೂ ಒಂದೊಂದು ಕೋನದಲ್ಲಿ ಹಳಿಯನ್ನು ಉಜ್ಜುತ್ತದೆ. ಹಾರುವ ಕಿಡಿಗಳಿಂದ ಹುಲ್ಲಿಗೆ ಬೆಂಕಿ ತಗಲೀತೆಂದು ನೀರೂ ಜೊತೆಗಿರುತ್ತದೆ. ತೆಗೆಯುವುದು ಮಿಲಿಮೀಟರಿನ ಒಂದು ಭಾಗದಷ್ಟನ್ನು ಮಾತ್ರ. ಒಳಅಂಚನ್ನು ತುಸು ತಗ್ಗಿಸಿದರೆ ಗಾಲಿಯ ಒತ್ತಡ ಹಳಿಯ ನೆತ್ತಿಯತ್ತ ಸರಿಯುತ್ತದೆ. ಹೆಚ್ಚು ಉಜ್ಜಿದರೆ ಹಳಿಯ ಆಯುಸ್ಸೇ ಕರಗುತ್ತದೆ. ಹ್ಯಾಟ್‌ಫೀಲ್ಡ್ ನಂತರ ಬ್ರಿಟನ್ನಿನಲ್ಲಿ ರೂಢಿಗೆ ಬಂದ ಕ್ರಮದಂತೆ, ನೇರ ಹಳಿಗೆ 4.5 ಕೋಟಿ ಟನ್ ಭಾರ ಸಾಗಿದ ಮೇಲೆ ಸಾಣೆಯಾದರೆ, ತಿರುವಿಗೆ 1.5 ಕೋಟಿ ಟನ್ನಿಗೇ.

ಸಾಣೆಗೂ ಒಂದು ಗಡುವಿದೆ. ಬಿರುಕು ಆಳಕ್ಕಿಳಿದರೆ ಹಳಿ ಬದಲಿಸುವುದೊಂದೇ ದಾರಿ. ಹ್ಯಾಟ್‌ಫೀಲ್ಡ್‌ನ ಹಳಿ ಕೆಟ್ಟಿರುವುದು ಮೊದಲೇ ಗೊತ್ತಿತ್ತು. ಬದಲಿ ಹಳಿಯೂ ತಿಂಗಳುಗಳ ಹಿಂದೆಯೇ ಬಂದಿತ್ತು. ಅದನ್ನು ಕೂಡಿಸುವ ಕೆಲಸ ಮಾತ್ರ ಮುಂದಕ್ಕೆ ಹೋಗುತ್ತಲೇ ಇತ್ತು.