ಹಳೆಯ ಫಿಯೆಟ್ ಖರೀದಿ: ಹೊಳಪಲ್ಲ, ಸಂಖ್ಯೆ ನೋಡಿ

ಅಳದಂಗಡಿಯಿಂದ ಗುರುವಾಯನಕೆರೆ, ಉಜಿರೆ ಮಾರ್ಗವಾಗಿ ಧರ್ಮಸ್ಥಳಕ್ಕೆ ಹೋಗಿ ಅಲ್ಲಿಯ ಕಾರು ಸಂಗ್ರಹಾಲಯವನ್ನು ಕಂಡ ವರ್ತಕರಲ್ಲಿ ತಾವೂ ಒಂದು ಹಳೆಯ ಕಾರನ್ನು ಇರಿಸಿಕೊಳ್ಳುವ ಆಸೆ ಮೂಡುವುದು ಸಹಜ. ಇಟಲಿಯ ಹಳೆಯ ಫೆರಾರಿಗೆ ಕೋಟಿಗಳು ಬೇಕು. ಕೈಗೆಟಕುವುದು ಇಟಲಿಯ ವಿನ್ಯಾಸದಂತೆ ಮುಂಬಯಿಯ ಕುರ್ಲಾದಲ್ಲಿ ತಯಾರಾಗಿ, ಮುಂದೆ ಪ್ರೀಮಿಯರ್ ಪದ್ಮಿನಿ ಎನಿಸಿದ ಫಿಯೆಟ್ 1100. ಅಸಲಿತನದ ಪರೀಕ್ಷೆ ಮಾತ್ರ ಎರಡಕ್ಕೂ ಒಂದೇ: ಚಾಸಿಸ್ ಹಾಗೂ ಎಂಜಿನ್ ಸಂಖ್ಯೆಗಳು ದಾಖಲೆಯೊಡನೆ ತಾಳೆಯಾಗಬೇಕು. ಫೆರಾರಿಗೆ ಮರನೆಲ್ಲೊದ ಕಾರ್ಖಾನೆಯೇ ಪ್ರಮಾಣಪತ್ರ ನೀಡುತ್ತದೆ; ಫಿಯೆಟ್ ಕೊಳ್ಳುವವರಿಗೆ ಆರ್.ಸಿ. ಪುಸ್ತಕವೇ ಆಧಾರ.

2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿಯಾದ ಬಳಿಕ ಇದು ಬರಿಯ ಅಭಿರುಚಿಯ ಪ್ರಶ್ನೆಯಾಗಿ ಉಳಿದಿಲ್ಲ. ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಚಾಸಿಸ್, ಬಾಡಿ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡಾಗದ ವಾಹನಕ್ಕೆ ಮಾತ್ರ ‘ವಿ.ಎ.’ ಅಕ್ಷರಗಳ ವಿಂಟೇಜ್ ನೋಂದಣಿ ದೊರೆಯುತ್ತದೆ. ಶುಲ್ಕ 20,000 ರೂ., ಅವಧಿ 10 ವರ್ಷ.

ತೊಡಕಿರುವುದು ತುಕ್ಕಿನಲ್ಲಿ. ಈ ಕಾರಿಗೆ ಪ್ರತ್ಯೇಕ ಚಾಸಿಸ್ ಚೌಕಟ್ಟಿಲ್ಲ, ಬಾಡಿಯೇ ಎಲ್ಲವನ್ನೂ ಹೊರುತ್ತದೆ. ಕರಾವಳಿಯ ಮಳೆಗೆ ಅಡಿಯ ತಗಡು ಕೊಳೆತು, ವೆಲ್ಡಿಂಗ್ ಕಂಡ ಕಾರುಗಳು ಅಪರೂಪವಲ್ಲ. ತೇಪೆ ಕ್ಷಮ್ಯ; ಸಂಖ್ಯೆ ಕೊರೆದ ತಗಡೇ ಬದಲಾಗಿದ್ದರೆ ವ್ಯವಹಾರ ಅಲ್ಲಿಗೇ ನಿಲ್ಲತಕ್ಕದ್ದು. ಬಣ್ಣ ಹೊಸದಾದಷ್ಟೂ ಮ್ಯಾಟ್ ಎತ್ತಿ ನೋಡುವುದು ಕ್ಷೇಮ. 1089 ಸಿ.ಸಿ. ಪೆಟ್ರೋಲ್ ಎಂಜಿನ್ನಿನ ಜಾಗದಲ್ಲಿ ಡೀಸೆಲ್ ಎಂಜಿನ್ ಕುಳಿತಿದ್ದರೆ, ಆರ್.ಸಿ.ಯಲ್ಲಿ ನಮೂದಿದ್ದರೂ ವಿಂಟೇಜ್ ಮಾನ್ಯತೆ ಸಂಶಯಾಸ್ಪದ.

ಕಾರನ್ನು ಸಂಸ್ಥೆಯ ಲೆಕ್ಕಕ್ಕೆ ಸೇರಿಸಿ ಸವಕಳಿ ಪಡೆಯುವ ಲೆಕ್ಕಾಚಾರದವರು ಇನ್ನೊಂದನ್ನು ಗಮನಿಸಬೇಕು: ವಿಂಟೇಜ್ ನೋಂದಣಿಯ ವಾಹನವನ್ನು ನಿತ್ಯದ ಅಥವಾ ವಾಣಿಜ್ಯ ಓಡಾಟಕ್ಕೆ ಬಳಸುವಂತಿಲ್ಲ.